ವಾಹನಗಳಿಲ್ಲದ ಕಣಿವೆಯ ದಾರಿಯಲ್ಲಿ ನಾಲ್ಕು ದಿನ

ಅರವತ್ತು ದಾಟಿದವರಿಗೆ ವೈದ್ಯರು ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ನಡೆಯಿರಿ, ಸಾಧ್ಯವಾದರೆ ಸೈಕಲ್ ತುಳಿಯಿರಿ. ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಶ್ರಮದ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಎಲ್ಲಿ ತುಳಿಯಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬಾಗಲಕೋಟೆಯ ನಾವು ದಂಪತಿಗಳು ಇಪ್ಪತ್ತೈದು ವರ್ಷಗಳ ಹಿಂದೆ ಸೈಕಲ್ ಬಿಟ್ಟದ್ದು ವಯಸ್ಸಿನಿಂದಲ್ಲ, ಭಯದಿಂದ. ಎರಡೆರಡು ಟ್ರೇಲರ್‌ಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಪಕ್ಕದಲ್ಲೇ ಹಾಯ್ದು ಹೋಗುವ ರಸ್ತೆಯಲ್ಲಿ ಹ್ಯಾಂಡಲ್ ಹಿಡಿದ ಕೈ ನಡುಗದೆ ಇರದು.

ಮಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಸೆಪ್ಟೆಂಬರಿನಲ್ಲಿ ಅವನಲ್ಲಿಗೆ ಹೋಗುವ ಯೋಗ ಒದಗಿದಾಗ, ಇಟಲಿಯ ಉತ್ತರದ ತುದಿಯಲ್ಲಿರುವ ಆಲ್ಪ್ಸ್ ಪರ್ವತದ ಕಣಿವೆಯೊಂದರಲ್ಲಿ ಸೈಕಲ್ ಸಂಚಾರ ಮಾಡಬೇಕೆಂದು ಅವನೇ ಹಟ ಹಿಡಿದನು. "ಅಪ್ಪಾಜಿ, ಅಲ್ಲಿ ಕಾರು ಬರೂದಿಲ್ಲ, ಹೆದರಬ್ಯಾಡ್ರಿ. ಅವ್ವಾ, ನಿನಗ ಬ್ಯಾಟರಿ ಸೈಕಲ್ ಕೊಡಿಸ್ತೀನಿ" ಎಂದನು. ನಮ್ಮಲ್ಲೊಬ್ಬರಿಗೆ ಹದಿನಾಲ್ಕು ವರ್ಷಗಳಿಂದ ಮಧುಮೇಹ, ಇನ್ನೊಬ್ಬರಿಗೆ ಮಂಡಿನೋವು. ಹೊರಡುವ ಮೊದಲು ಇಬ್ಬರೂ ವೈದ್ಯರಲ್ಲಿ ಹೃದಯದ ತಪಾಸಣೆ ಮಾಡಿಸಿಕೊಂಡು, ಒಂದೂವರೆ ತಿಂಗಳು ನವನಗರದಲ್ಲಿ ಬೆಳಗಿನ ಜಾವ ಅಭ್ಯಾಸ ಮಾಡಿದೆವು.

ಆ ಕಣಿವೆಯ ಹೆಸರು ವಿನ್ಶ್‌ಗಾವ್. ಅಲ್ಲಿ ಹರಿಯುವ ನದಿಯನ್ನು ಜರ್ಮನ್ ಭಾಷಿಕರು ಎಚ್ ಎಂದೂ ಇಟಾಲಿಯನ್ ಭಾಷಿಕರು ಆದಿಜೆ ಎಂದೂ ಕರೆಯುತ್ತಾರೆ. ಊರುಗಳಿಗೂ ಹೀಗೆಯೇ ಎರಡೆರಡು ಹೆಸರು. ನದಿಯು ಸುಮಾರು 1500 ಮೀಟರ್ ಎತ್ತರದ ರೆಷೆನ್ ಘಟ್ಟದ ಬಳಿ ಹುಟ್ಟಿ, ಮೆರಾನ್ ಪಟ್ಟಣ ತಲುಪುವಷ್ಟರಲ್ಲಿ 325 ಮೀಟರಿಗೆ ಇಳಿದಿರುತ್ತದೆ. ಅದರ ಜೊತೆಯಲ್ಲೇ ಸುಮಾರು 80 ಕಿ.ಮೀ. ಉದ್ದದ ಸೈಕಲ್ ದಾರಿಯೂ ಇಳಿಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ನಿರ್ಮಿಸಿದ ವಿಯಾ ಕ್ಲೌಡಿಯಾ ಆಗುಸ್ತಾ ಎಂಬ ಹೆದ್ದಾರಿಯೂ ಇದೇ ಕಣಿವೆಯಲ್ಲಿತ್ತು. ದಾರಿ ಪೂರ್ತಿ ವಾಹನಮುಕ್ತವೆಂದರೆ ತಪ್ಪಾದೀತು. ಅಲ್ಲಲ್ಲಿ ತೋಟದ ರಸ್ತೆಗಳು ಸೇರಿಕೊಂಡಿವೆ, ರೈತರ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಆದರೆ ಕಾರು, ಲಾರಿಗಳ ಹೆದ್ದಾರಿ ಬೇರೆ ಕಡೆಯಿಂದ ಹೋಗುತ್ತದೆ.

ಮಗ ನಮ್ಮನ್ನು ರೆಷೆನ್‌ವರೆಗೆ ತಂದು ಬಿಟ್ಟು ಕೆಲಸಕ್ಕೆ ಮರಳಿದನು. ಮೊದಲ ದಿನದ ಹಾದಿ ಆರಂಭವಾದದ್ದೇ ಒಂದು ಜಲಾಶಯದ ದಂಡೆಯಲ್ಲಿ. ನೀರಿನ ನಡುವೆ ಹದಿನಾಲ್ಕನೆಯ ಶತಮಾನದ ಗಂಟೆಗೋಪುರವೊಂದು ಒಂಟಿಯಾಗಿ ನಿಂತಿದೆ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ಗ್ರಾವುನ್ ಎಂಬ ಗ್ರಾಮವೂ ರೆಷೆನ್ ಗ್ರಾಮದ ಒಂದು ಭಾಗವೂ, ಒಟ್ಟು 163 ಮನೆಗಳು, ಮುಳುಗಿದವು. ಗೋಪುರವನ್ನು ಮಾತ್ರ ಉಳಿಸಿಕೊಂಡರು. ಪ್ರವಾಸಿಗಳು ಅದರೆದುರು ನಗುತ್ತ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ನವನಗರದ ಸೆಕ್ಟರಿಗೆ ಬಂದ ನಮಗೆ ಹಾಗೆ ನಿಲ್ಲುವುದಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಎದ್ದೆವು.

ಅಲ್ಲಿಂದ ಮಾಲ್ಸ್‌ವರೆಗೆ ಕಡಿದಾದ ಇಳಿಜಾರು. ಇಳಿಜಾರೆಂದರೆ ಸುಲಭವೆಂದು ಭಾವಿಸಿದ್ದೆವು. ಮಂಡಿಗೆ ಸುಲಭ ನಿಜ, ಮಣಿಕಟ್ಟಿಗೆ ಅಲ್ಲ. ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ಬೆರಳುಗಳು ಜೋಮು ಹಿಡಿಯುತ್ತವೆ, ಬ್ರೇಕೂ ಕಾಯುತ್ತದೆ. ಎರಡು ಬ್ರೇಕುಗಳನ್ನೂ ಹಿತವಾಗಿ ಒತ್ತಿ ವೇಗ ತಗ್ಗಿಸಿ ಬಿಡುವುದು, ಮತ್ತೆ ಒತ್ತುವುದು, ಆಗಾಗ ಇಳಿದು ಕೈ ಕೊಡವುವುದು, ಇದು ಒಂದು ಗಂಟೆಯಲ್ಲಿ ರೂಢಿಯಾಯಿತು. ಸೀಟಿನ ಎತ್ತರದ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಎರಡೂ ಪಾದಗಳು ನೆಲಕ್ಕೆ ಮುಟ್ಟುವಂತೆ ಸೀಟನ್ನು ತಗ್ಗಿಸಿಡುತ್ತೇವೆ. ಮಂಡಿನೋವಿಗೆ ಅದೇ ಅರ್ಧ ಕಾರಣ. ಪೆಡಲ್ ಅತ್ಯಂತ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರುವಷ್ಟು ಸೀಟು ಎತ್ತರವಿರಬೇಕು. ಬಾಡಿಗೆಯ ಅಂಗಡಿಯವನು ಇದನ್ನು ಅಳೆದು ಕೂಡಿಸಿಕೊಟ್ಟನು. ನಾಲ್ಕು ದಿನವೂ ಮಂಡಿ ತಕರಾರು ಮಾಡಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಗ್ಲುರ್ನ್ಸ್ ಎಂಬ ಪುಟ್ಟ ಕೋಟೆಯೂರನ್ನು ಹಾಯ್ದೆವು. ಸಾವಿರ ಜನವೂ ಇಲ್ಲದ ಊರಿಗೆ ಸುತ್ತಲೂ ಇಡಿಯಾದ ಕೋಟೆಗೋಡೆ, ಮೂರು ಅಗಸಿಗಳು. ಬಲಗಡೆ 3905 ಮೀಟರ್ ಎತ್ತರದ ಓರ್ಟ್‌ಲರ್ ಶಿಖರದ ಹಿಮ, ಎದುರಿಗೆ ಸೇಬಿನ ತೋಟಗಳ ಸಾಲು. ಈ ಚೆಲುವಿನಲ್ಲಿಯೇ ನಾವು ತಪ್ಪಿದೆವು. ಬೆಳಗಿನ ಉಪಾಹಾರದಲ್ಲಿ ಮಾಂಸವಿಲ್ಲದ್ದನ್ನು ಹುಡುಕಿ ಎರಡು ತುಂಡು ರೊಟ್ಟಿಯಷ್ಟೇ ತಿಂದು, ಮಧುಮೇಹದ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ ಹೊರಟಿದ್ದೆವು. ಹನ್ನೊಂದರ ಸುಮಾರಿಗೆ, ಬಿಳಿಯ ಅಮೃತಶಿಲೆಗೆ ಹೆಸರಾದ ಲಾಸ್ ಗ್ರಾಮದ ಹತ್ತಿರ, ಮಧುಮೇಹವಿರುವವರ ಸೈಕಲ್ ಅತ್ತಿತ್ತ ಹೊಯ್ದಾಡತೊಡಗಿತು. ತಂಪು ಗಾಳಿಯಲ್ಲೂ ಮೈಯೆಲ್ಲ ಬೆವರು, ಕೈಕಾಲುಗಳಲ್ಲಿ ನಡುಕ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ. ದಣಿವೆಂದೇ ಮೊದಲು ಅಂದುಕೊಂಡೆವು. ಯಂತ್ರದಲ್ಲಿ ರಕ್ತ ಪರೀಕ್ಷಿಸಿದರೆ 58.

70ಕ್ಕಿಂತ ಕೆಳಗಿಳಿದರೆ ಅಪಾಯವೆಂದು ತಿಳಿದಿತ್ತು. ಆದರೆ ಸಕ್ಕರೆಯ ಪೊಟ್ಟಣ ದೊಡ್ಡ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮುಂದಿನ ವಸತಿಗೃಹದಲ್ಲಿ! ಸೇಬು ಕೀಳುತ್ತಿದ್ದ ಹಿರಿಯರೊಬ್ಬರತ್ತ ಓಡಿ, ಮಗ ಕಲಿಸಿದ್ದ ಒಂದೇ ಶಬ್ದವನ್ನು ಹೇಳಿದೆವು: "ತ್ಸುಕ್ಕರ್". ಜರ್ಮನ್ ಭಾಷೆಯಲ್ಲಿ ಸಕ್ಕರೆಗೆ ಹಾಗೆನ್ನುತ್ತಾರೆ. ಆಡುಮಾತಿನಲ್ಲಿ ಸಕ್ಕರೆ ಕಾಯಿಲೆಗೂ ಅದೇ ಹೆಸರು. ನಮ್ಮ ಸಕ್ಕರೆಯೂ ಅವರ ತ್ಸುಕ್ಕರೂ ಸಂಸ್ಕೃತದ ಶರ್ಕರಾ ಶಬ್ದದಿಂದಲೇ ಹೊರಟು ಬೇರೆ ಬೇರೆ ದಾರಿ ಹಿಡಿದವು. ಆ ಹಿರಿಯರು ಮುಖ ನೋಡಿಯೇ ಅರ್ಥ ಮಾಡಿಕೊಂಡು, ತಮ್ಮ ಬುತ್ತಿಯ ಪಕ್ಕದಲ್ಲಿದ್ದ ಸೇಬಿನ ರಸದ ಶೀಷೆಯನ್ನು ತೆರೆದು ಕೊಟ್ಟರು. ಒಂದು ಲೋಟ ಕುಡಿಸಿ ಹದಿನೈದು ನಿಮಿಷ ಕಾದೆವು, 84. ಆಮೇಲೆ ರೊಟ್ಟಿ ತಿನ್ನಿಸಿದೆವು. ಅದೇ ಸ್ಥಿತಿಯಲ್ಲಿ ಲಾರಿಗಳ ರಸ್ತೆಯ ಮೇಲೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಹೊತ್ತಿನಲ್ಲಿ ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಆದ್ದರಿಂದ ಮಧುಮೇಹವಿರುವ ಸದ್ಭಕ್ತರಲ್ಲಿ ನಮ್ಮ ವಿನಂತಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ದೀರ್ಘ ಶ್ರಮದಿಂದ ಸಕ್ಕರೆಯ ಅಂಶ ಹಠಾತ್ತನೆ ಕುಸಿಯಬಹುದು. ಶ್ರಮ ನಿಂತ ಎಷ್ಟೋ ಗಂಟೆಗಳ ನಂತರ, ರಾತ್ರಿ ನಿದ್ರೆಯಲ್ಲಿಯೂ ಕುಸಿಯಬಹುದು. ಪ್ರವಾಸಕ್ಕೆ ಮುನ್ನ ಔಷಧದ ಪ್ರಮಾಣವನ್ನು ವೈದ್ಯರೊಡನೆಯೇ ನಿರ್ಧರಿಸಬೇಕು, ತಾವಾಗಿ ಬದಲಿಸಕೂಡದು. ಮೂರು ಚಮಚ ಸಕ್ಕರೆ ಸದಾ ಅಂಗಿಯ ಜೇಬಿನಲ್ಲಿರಲಿ, ಪೆಟ್ಟಿಗೆಯಲ್ಲಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ ವೈದ್ಯಕೀಯ ನೆರವು ಕರೆಯಬೇಕು. ಇನ್ನು ರಕ್ತದೊತ್ತಡ, ಹೃದ್ರೋಗಗಳಿಗೆ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರು ನಾಡಿಬಡಿತವನ್ನು ನಂಬಿ ಶ್ರಮವನ್ನು ಅಳೆಯಲಾಗದು, ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ತುಳಿಯುತ್ತ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ನಿಲ್ಲಬೇಕು.

ಅಂದು ಮಧ್ಯಾಹ್ನ ಶ್ಲಾಂಡರ್ಸ್‌ನಲ್ಲಿಯೇ ಉಳಿದೆವು. ಮುಂದುವರಿಯುವುದೋ ಹಿಂದಿರುಗುವುದೋ ಎಂಬ ಚರ್ಚೆ ಸಂಜೆಯವರೆಗೆ ನಡೆಯಿತು. ನಿರ್ಧಾರಕ್ಕೆ ಧೈರ್ಯ ಕೊಟ್ಟದ್ದು ರೈಲು. 1906ರಲ್ಲಿ ಆರಂಭವಾದ ಮೆರಾನ್–ಮಾಲ್ಸ್ ರೈಲುಮಾರ್ಗವನ್ನು 1990ರಲ್ಲಿ ಮುಚ್ಚಿದ್ದರಂತೆ. 2005ರಲ್ಲಿ ಮತ್ತೆ ತೆರೆದರು. ಹಳಿಯೂ ಸೈಕಲ್ ದಾರಿಯೂ ಕಣಿವೆಯುದ್ದಕ್ಕೂ ಹತ್ತಿರ ಹತ್ತಿರವೇ ಸಾಗುತ್ತವೆ. ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದರಲ್ಲಿ ಒಪ್ಪಿಸಿ ರೈಲು ಹತ್ತಬಹುದು. ಎಲ್ಲಿ ಸಾಕೆನಿಸುತ್ತದೆಯೋ ಅಲ್ಲಿ ನಿಲ್ಲಬಹುದೆಂದು ಖಚಿತವಾದ ಮೇಲೆ ನಿಲ್ಲುವ ಮನಸ್ಸಾಗಲಿಲ್ಲ.

ಮೂರನೆಯ ದಿನ ಹೊಟ್ಟೆ ತುಂಬ ಉಂಡು ಹೊರಟೆವು. ಅಲ್ಲಿಯ ಶುಟೆಲ್‌ಬ್ರೋಟ್ ಎಂಬ ಗಟ್ಟಿ ರೊಟ್ಟಿ ನಮ್ಮ ಖಡಕ್ ರೊಟ್ಟಿಯ ದಾಯಾದಿ: ರೈ ಧಾನ್ಯದ್ದು, ಗರಿಗರಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ನಾವು ತಂದಿದ್ದ ಶೇಂಗಾ ಚಟ್ನಿಪುಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ರೊಟ್ಟಿಯ ಉಂಡೆಗಳೆಂದು ಬಡಿಸುವ ಕ್ನೋಡೆಲ್‌ಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ, ಎಷ್ಟೋ ವೇಳೆ ಮಾಂಸವೂ ಇರುವುದರಿಂದ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಹಣ್ಣಿಗೆ ಕೊರತೆಯಿಲ್ಲ. ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಮಾತ್ರ ಬೀಳುವ, ನಮ್ಮ ಬಾಗಲಕೋಟೆಯಂತೆಯೇ ಒಣನೆಲವಾದ ಆ ಕಣಿವೆಗೆ ಹಿಂದಿನವರು ಬೆಟ್ಟದ ಹಿಮನೀರನ್ನು ಸಣ್ಣ ಕಾಲುವೆಗಳಲ್ಲಿ ತಂದರು. ಕಾಲುವೆ ಕಾಯುವವರು ಓಡಾಡುತ್ತಿದ್ದ ಕಾಲುದಾರಿಗಳು ಇಂದು ನಡಿಗೆಯವರ ದಾರಿಗಳಾಗಿವೆ; ಸಂಜೆ ನಾಟುರ್ನ್ಸ್‌ನಲ್ಲಿ ಸೈಕಲ್ ಇಟ್ಟು ಅಂತಹ ಒಂದು ದಾರಿಯಲ್ಲಿ ಅಡ್ಡಾಡಿ ಬಂದೆವು.

ನಾಲ್ಕನೆಯ ದಿನ ತ್ಯೋಲ್ ಎಂಬಲ್ಲಿಂದ ದಾರಿ ಹಾವಿನಂತೆ ತಿರುಗುತ್ತ ಮೆರಾನ್ ಬಯಲಿಗೆ ಇಳಿಯಿತು. ತಿರುವುಗಳಲ್ಲಿ ನಾವು ಸೈಕಲ್ ತಳ್ಳಿಕೊಂಡೇ ನಡೆದೆವು. ಪಕ್ಕದಲ್ಲಿ ಹಾರಿಹೋದ ತರುಣರು ನಗಲಿಲ್ಲ, ಕೈ ಬೀಸಿದರು. ಇದೇ ದಾರಿ ಮುಂದೆ ಬೋಲ್ಜಾನೊ, ಟ್ರೆಂಟೊ ಹಾಯ್ದು ವೆರೋನಾವರೆಗೆ ಬಹುಪಾಲು ಸಮತಟ್ಟಾಗಿ ಹೋಗುತ್ತದೆ. ಬೋಲ್ಜಾನೊ ದಾಟಿ ದಕ್ಷಿಣಕ್ಕೆ ಹೋಗುವವರಿಗೆ ಮಧ್ಯಾಹ್ನ ಎದುರುಗಾಳಿ, ಬೆಳಿಗ್ಗೆ ಬೇಗ ಹೊರಡುವುದು ಒಳಿತು.

ಊರಿಗೆ ಮರಳಿದ ಮೇಲೆ ಸೈಕಲ್ಲುಗಳನ್ನು ಬಿಟ್ಟಿಲ್ಲ. ಬೆಳಗಿನ ಐದೂವರೆಗೆ ಹೊರಟು, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುವ ಮೊದಲು, ನವನಗರದ ಸೆಕ್ಟರುಗಳ ಒಳರಸ್ತೆಗಳಲ್ಲಿ ಅರ್ಧ ಗಂಟೆ ತುಳಿದು ಬರುತ್ತೇವೆ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರುತ್ತದೆ. ಆರು ಗಂಟೆಯ ನಂತರ ಆ ರಸ್ತೆಗಳೂ ನಮ್ಮವಲ್ಲ.