ಚೀನಾ ದೇಶದ ಹೃದಯೌಷಧಗಳು

ದೇಹವು ಒಂದು ರಾಜ್ಯ. ಹೃದಯವು ಅದರ ಅರಸು. ಉಳಿದ ಅವಯವಗಳು ಆತನ ಅಧಿಕಾರಿಗಳು. ಹೀಗೆಂದು ಚೀನಾ ದೇಶದ ಪ್ರಾಚೀನ ವೈದ್ಯಗ್ರಂಥವೊಂದು ಹೇಳುವುದು. ಅರಸನು ಕೆಟ್ಟರೆ ಪರಿವಾರವೆಲ್ಲವೂ ಕೆಡುವುದೆಂಬುದು ಅಲ್ಲಿಯ ಪಂಡಿತರ ಮತ. ಈ ಅರಸನ ರಕ್ಷಣೆಗಾಗಿ ಆ ಜನರು ಬಹು ಶತಮಾನಗಳಿಂದ ಬೇರುನಾರುಗಳನ್ನು ಅರಸುತ್ತ ಬಂದಿರುವರು. ಮನೆಯಲ್ಲಿ ಹೃದ್ರೋಗಿಗಳಿರುವ ವಾಚಕರು ಅವರ ಅನುಭವದಿಂದ ಕಲಿಯತಕ್ಕದ್ದೂ ಉಂಟು, ಅಂಜತಕ್ಕದ್ದೂ ಉಂಟು.

ಸುಮಾರು 1,800 ವರ್ಷಗಳ ಹಿಂದೆ ಜಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನು ಎದೆಯಿಂದ ಬೆನ್ನಿಗೆ ಹಾಯುವ ನೋವನ್ನೂ, ರೋಗಿಯನ್ನು ಮಲಗಗೊಡದ ಸಂಕಟವನ್ನೂ ವರ್ಣಿಸಿರುವನು. ಅವನು ವಿಧಿಸಿದ ಕಷಾಯದಲ್ಲಿ ನಮ್ಮ ಪಡವಲಕಾಯಿಯ ಜಾತಿಗೆ ಸೇರಿದ ಒಂದು ಹಣ್ಣನ್ನೂ, ಬೆಳ್ಳುಳ್ಳಿಯ ಜಾತಿಗೆ ಸೇರಿದ ಒಂದು ಗಡ್ಡೆಯನ್ನೂ ಮದ್ಯದಲ್ಲಿ ಕುದಿಸುತ್ತಿದ್ದರು.

ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದುದು ದಾನ್‌ಶೆನ್ ಎಂಬ ಕೆಂಪು ಬೇರು. ಇದರ ಗಿಡವು ತುಳಸಿಯ ಕುಟುಂಬಕ್ಕೆ ಸೇರಿದುದು. 1596ರಲ್ಲಿ ಅಚ್ಚಾದ, 1,892 ದ್ರವ್ಯಗಳ ವಿವರವುಳ್ಳ ತನ್ನ ಮಹಾಗ್ರಂಥದಲ್ಲಿ ಲಿ ಶಿಝೆನ್ ಎಂಬ ಪಂಡಿತನು, ಬೇರಿನ ಬಣ್ಣವು ಕೆಂಪಾದಕಾರಣ ಅದು ಹೃದಯಕ್ಕೆ ಸಲ್ಲುವುದೆಂದು ಬರೆದನು. ಬಣ್ಣವು ಗುಣಕ್ಕೆ ಪ್ರಮಾಣವಾಗಲಾರದು. ಆದರೂ ಇದರ ಸತ್ತ್ವಗಳಿಗೆ ರಕ್ತನಾಳಗಳನ್ನು ಸಡಿಲಿಸುವ ಶಕ್ತಿಯಿರುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಈಗ ಇದನ್ನು ಬೇರೆ ಮೂಲಿಕೆಗಳೊಡನೆ ಸೇರಿಸಿ ಸಣ್ಣ ಗುಳಿಗೆಗಳನ್ನಾಗಿ ಮಾಡಿ ಮಾರುವರು.

ಸಂಪ್ರದಾಯದ ಮಾತಿಗೆ ಪರೀಕ್ಷೆಯ ಬಲವುಂಟೇ ಎಂದು ವಾಚಕರು ಕೇಳಬಹುದು. ತೋಂಗ್‌ಶಿನ್‌ಲುವೋ ಎಂಬುದು ಜಿನ್‌ಸೆಂಗ್, ಶ್ರೀಗಂಧ ಮೊದಲಾದ ಸಸ್ಯಗಳೊಡನೆ ಜಿಗಣೆ, ಚೇಳುಗಳನ್ನೂ ಕೂಡಿಸಿ ಮಾಡಿದ ಔಷಧ. ಚೀನಾದ 124 ಆಸ್ಪತ್ರೆಗಳಲ್ಲಿ ತೀವ್ರವಾದ ಹೃದಯಾಘಾತಕ್ಕೊಳಗಾದ ಸುಮಾರು 3,800 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಈ ಔಷಧವನ್ನೂ ಇನ್ನೊಂದಕ್ಕೆ ಅದೇ ರೂಪದ ಹುಸಿಗುಳಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ತಿಳಿಯದು. ಮರಣ, ಮರಳಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ವಿಪತ್ತುಗಳು ಮೂವತ್ತು ದಿನಗಳೊಳಗೆ ಔಷಧ ಸೇವಿಸಿದವರಲ್ಲಿ ಶೇಕಡ 3.4, ಉಳಿದವರಲ್ಲಿ ಶೇಕಡ 5.2ರಷ್ಟು ಕಂಡುಬಂದುವೆಂದು 2023ರಲ್ಲಿ ಪ್ರಕಟವಾಯಿತು. ಈ ಅಂತರವು ಅಲ್ಪವೆನ್ನುವಂತಿಲ್ಲ. ಆದರೆ ಒಂದು ಮಾತನ್ನು ಮರೆಯಕೂಡದು: ಎರಡೂ ಪಾಲಿನವರಿಗೆ ಆಧುನಿಕ ಚಿಕಿತ್ಸೆಯು ಪೂರ್ಣವಾಗಿ ನಡೆಯುತ್ತಿದ್ದಿತು. ಮೂಲಿಕೆಯನ್ನು ಅದರ ಜೊತೆಗೆ ಕೊಟ್ಟರೇ ಹೊರತು ಅದರ ಬದಲಿಗೆ ಕೊಡಲಿಲ್ಲ.

ಇನ್ನು ಅಂಜತಕ್ಕ ಭಾಗ. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆಯನ್ನು ಸೇವಿಸುವವರು ದಾನ್‌ಶೆನ್ನನ್ನೂ ಸೇವಿಸಿದರೆ ಮಾತ್ರೆಯ ಬಲವು ಮಿತಿಮೀರಿ ರಕ್ತಸ್ರಾವವಾಗುವುದುಂಟು. ಕೃತಕ ಕವಾಟವನ್ನು ಹಾಕಿಸಿಕೊಂಡವರಲ್ಲಿ ಅನೇಕರು ಈ ಮಾತ್ರೆಯನ್ನೇ ನಂಬಿ ಬದುಕುವರು. ಇದಕ್ಕಿಂತಲೂ ಭಯಂಕರವಾದುದು ಫೂಝಿ ಎಂಬ ಗಡ್ಡೆ. ಇದು ನಮ್ಮ ವತ್ಸನಾಭಿಯ ಕುಲದ್ದು. ದೀರ್ಘಕಾಲ ನೆನೆಸಿ ಕುದಿಸಿ ಶುದ್ಧಿಮಾಡಿದ ಬಳಿಕ ಚೀನೀಯರು ಇದನ್ನು ದುರ್ಬಲ ಹೃದಯಕ್ಕೆ ಕೊಡುವರು. ಬೇಯುವುದು ಸಾಲದೆಹೋದರೆ ಅದರ ವಿಷವು ಹೃದಯದ ಬಡಿತವನ್ನೇ ತಪ್ಪಿಸಿ ಪ್ರಾಣವನ್ನು ಅಪಹರಿಸುವುದು. ಅರಸನನ್ನು ಕಾಯಬೇಕಾದುದೇ ಅರಸನನ್ನು ಕೊಲ್ಲಬಲ್ಲುದು.

ಗಿಡಮೂಲಿಕೆಯಿಂದ ಹಾನಿಯೇನೆಂಬ ಮಾತು ನಮ್ಮ ಮನೆಗಳಲ್ಲಿಯೂ ರೂಢಿಯಲ್ಲಿರುವುದು. ಕೆಲಸ ಮಾಡುವ ಶಕ್ತಿಯುಳ್ಳ ದ್ರವ್ಯಕ್ಕೆ ಕೆಡಿಸುವ ಶಕ್ತಿಯೂ ಇದ್ದೇ ಇರುವುದು. ಆದಕಾರಣ ಹಿರಿಯರ ಶುಶ್ರೂಷೆ ಮಾಡುವ ಗೃಹಿಣಿಯರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಎದೆನೋವು ಬಂದೊಡನೆ ಕಷಾಯಕ್ಕೆ ನೀರಿಡುತ್ತ ಕೂಡದೆ ಆಸ್ಪತ್ರೆಗೆ ಕರೆದೊಯ್ಯುವುದು. ವೈದ್ಯರು ಕೊಟ್ಟ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸದಿರುವುದು. ಯಾವ ದೇಶದ ಬೇರಾಗಲಿ ಚೂರ್ಣವಾಗಲಿ, ಸಂಕೋಚಪಡದೆ ವೈದ್ಯರ ಮುಂದಿಟ್ಟು ಹೇಳುವುದು. ವೈದ್ಯರು ಗದರಿಸಿಯಾರೆಂಬ ಅಂಜಿಕೆಯಿಂದ ಅನೇಕರು ಈ ಕೊನೆಯ ಮಾತನ್ನೇ ಮರೆಮಾಡುವರು. ಗದರಿಕೆಯು ಒಂದು ಗಳಿಗೆಯದು. ಬಚ್ಚಿಟ್ಟುದರ ಫಲವನ್ನಾದರೋ ರೋಗಿಯೇ ಅನುಭವಿಸಬೇಕಾಗುವುದು.