ಒಂದೇ ಹುಲ್ಲಿಗೆ ಎರಡು ಬಾಯಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಕೃಷ್ಣೆ ಮತ್ತು ಅವಳ ಉಪನದಿಗಳ ನೀರು ತಲುಪಿದ ಕಡೆ ಕಬ್ಬು ಹಬ್ಬಿದೆ. ನೀರೇರದ ಕಲ್ಲುಮಡ್ಡಿಗಳು ಮಾತ್ರ ಕುರಿಗಳ ಪಾಲಿಗೆ ಉಳಿದಿವೆ. ಅಲ್ಲಿಯ ಮೇವು ತೀರಿದಾಗ ಕುರಿಗಾರರು ಸಂಸಾರದ ಸರಂಜಾಮನ್ನು ಕುದುರೆಯ ಬೆನ್ನಿಗೇರಿಸಿ, ಹಿಂಡಿನೊಡನೆ ಪರವೂರಿನ ಹಾದಿ ಹಿಡಿಯುತ್ತಾರೆ.

ಉತ್ತರ ಕರ್ನಾಟಕದ ಬಯಲುಗಳಲ್ಲಿ ಕುರಿಗೆ ಹಿಂದಿನಿಂದಲೂ ಒಬ್ಬ ಪಾಲುಗಾರನುಂಟು. ಅದೇ ಕೃಷ್ಣಮೃಗ; ಜನರ ಬಾಯಲ್ಲಿ ಚಿಗರಿ. ರೂಢಿಯಲ್ಲಿ ಜಿಂಕೆಯೆಂದರೂ ಶಾಸ್ತ್ರದಂತೆ ಇದು ಹುಲ್ಲೆಯ ಜಾತಿ. ಜಿಂಕೆಯ ಕೊಂಬು ಕಳಚಿ ಮತ್ತೆ ಮೂಡುತ್ತದೆ. ಚಿಗರಿಯ ತಿರುಪುಗೊಂಬು ಕಳಚದು.

ಕುರಿಗೂ ಚಿಗರಿಗೂ ಬೇಕಾದುದು ನೆಲಕ್ಕಂಟಿದ ಗಿಡ್ಡ ಹುಲ್ಲು. ಮಳೆಗಾಲದಲ್ಲಿ ಅದು ಇಬ್ಬರಿಗೂ ಸಾಲುತ್ತದೆ. ಬೇಸಗೆಯಲ್ಲಿ ಮೊದಲು ಬಂದ ಹಿಂಡು ಮೇದು ಹೋದ ಮೇಲೆ ಉಳಿಯುವುದು ಬರಿಯ ಮಣ್ಣು. ಕುರಿಯ ಬೆನ್ನಿಗೆ ಒಡೆಯನಿದ್ದಾನೆ, ನಾಯಿಯಿದೆ. ಹಟ್ಟಿಯ ಎಮ್ಮೆಗೆ ಜೋಳದ ಕಣಿಕೆ, ಕಬ್ಬಿನ ಸೋಗೆ ದೊರೆಯುತ್ತವೆ. ಚಿಗರಿಗೆ ಕಣಿಕೆ ಹಾಕುವವರಾರು? ಅದು ರೈತನ ಹೊಲಕ್ಕೆ ಇಳಿಯುತ್ತದೆ. ಕೊಪ್ಪಳ, ಗದಗ ಜಿಲ್ಲೆಗಳ ಹೊಲಗಳಲ್ಲಿ ಮೊಳೆತ ಪೈರನ್ನು ಕಳೆದುಕೊಂಡವನಿಗೆ ಅದರ ನೆಗೆತದ ಚೆಲುವು ಕಾಣುವುದು ಹೇಗೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಚಿಗರಿಯ ಬೇಟೆ ನಿಷಿದ್ಧ. ಅವನು ಕೂಗಿ ಓಡಿಸಬಹುದಷ್ಟೆ.

ಚಿಗರಿಗೆಂದೇ 1974ರಲ್ಲಿ ರಾಣಿಬೆನ್ನೂರಿನ ಬಳಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗದಲ್ಲಿ ಬೆಳೆಸಿದುದು ನೀಲಗಿರಿ ಮರ. ಬಯಲಿನ ಪ್ರಾಣಿಗೆ ಮರದ ನೆರಳಿಗಿಂತ ಹುಲ್ಲು ಮುಖ್ಯವೆಂಬುದು ಮರೆತುಹೋಯಿತು.

ದನಕರುಗಳ ಒತ್ತಡ ತಗ್ಗಿದರೆ ಏನಾದೀತು? ಎಂ. ಡಿ. ಮಧುಸೂದನ್ ಅವರು ಬಂಡೀಪುರದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ದನಗಳು ಕಡಮೆಯಾದ ಮೇಲೆ ಅಲ್ಲಿಯ ದೊಡ್ಡ ಸಸ್ಯಾಹಾರಿ ಮೃಗಗಳು ಮತ್ತೆ ಹೆಚ್ಚಿದವು.

ಹಾಗೆಂದು ಕುರಿಗಾರನನ್ನೇ ಅಟ್ಟಿಬಿಡುವುದು ನ್ಯಾಯವೆ? ಅವನ ಕಂಬಳಿ ಆ ಹಿಂಡಿನದು; ಇರುಳು ಕುರಿ ತರುಬಿದ ಹೊಲಕ್ಕೆ ಗೊಬ್ಬರವೂ ಅದರದೇ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಕರೆದು, ಉತ್ತು, ಮರ ನೆಟ್ಟು ಕುಗ್ಗಿಸಿದವರು ಕುರಿಯೂ ಅಲ್ಲ, ಚಿಗರಿಯೂ ಅಲ್ಲ. ಉಳಿದ ಬಯಲನ್ನಾದರೂ ಬಯಲಾಗಿಯೇ ಬಿಟ್ಟು, ಒಂದು ಭಾಗ ಮೇಯುವಾಗ ಇನ್ನೊಂದು ಚಿಗುರುವಂತೆ ಸರದಿಯಿಟ್ಟರೆ ಕುರಿಗಾರನಿಗೂ ಚಿಗರಿಗೂ ದಾರಿಯುಂಟು. ಇಲ್ಲವಾದರೆ ಇಬ್ಬರ ಹಸಿವಿನ ದಂಡವನ್ನು ತೆರಬೇಕಾದವನು ಬಯಲಂಚಿನ ರೈತ.