ಕಾಳಿಯ ಮೂಗು ಹಿಡಿದು ದಟ್ಟಗಳ್ಳಿ

ಬೆಳಗಿನ ಐದೂವರೆಗೆ ದಟ್ಟಗಳ್ಳಿಯ ಬೀದಿಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಕಚ್ಚುತ್ತಾ ಸಾ?’ ಹಾಲಿನ ಕ್ರೇಟು ಇಳಿಸುವ ಹುಡುಗ ಕೇಳುತ್ತಾನೆ. ಪೇಪರ್ ಹಾಕುವವನು ಸೈಕಲ್ಲಿನಿಂದ ಕಾಲಿಳಿಸದೆಯೇ ಕೇಳುತ್ತಾನೆ. ಪಕ್ಕದ ಮನೆಯ ಕಾಂಪೌಂಡಿಗೆ ಕೈಚಾಚಿ ಪೂಜೆಗೆ ದಾಸವಾಳ ಕೀಳುತ್ತಿರುವ ಹಿರಿಯರೂ, ಸಿಕ್ಕಿಬಿದ್ದ ಮುಜುಗರ ಮರೆಸಲು ಅದನ್ನೇ ಕೇಳುತ್ತಾರೆ. ‘ಇಲ್ಲ’ ಎಂದರೆ ನಂಬಿಕೆಯಿಲ್ಲ. ‘ಕಚ್ಚುತ್ತೆ’ ಎಂದರೆ ‘ಮತ್ಯಾಕೆ ಕರ್ಕೊಂಡ್ ಬಂದ್ರಿ?’ ಎಂಬ ತಕರಾರು. ಕಾಳಿಯ ಚೈನು ಹಿಡಿದು ಎಂಟು ವರ್ಷದಿಂದ ಈ ಬೀದಿಗಳನ್ನು ತುಳಿಯುತ್ತಿದ್ದೇನೆ. ಉತ್ತರ ಇನ್ನೂ ಹೊಳೆದಿಲ್ಲ.

ಕಾಳಿ ಜಾತಿನಾಯಿಯಲ್ಲ, ಅಪ್ಪಟ ಕಂತ್ರಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಒಂದು ಬಿಳಿ ಬೊಟ್ಟು. ಬಣ್ಣ ನೋಡಿ ಇಟ್ಟ ಹೆಸರಿಗೆ ಸಾವಿರ ವರ್ಷದ ವಂಶಾವಳಿ ಜೋಡಿಸಿದವರು ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ಸಿಕ್ಕಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ವೀರ ಮಣಲೇರನಿಗೆ ಗಂಗರ ದೊರೆ ಬೂತುಗ ‘ಏನು ಬೇಕೋ ಕೇಳು’ ಎಂದನಂತೆ. ಆತ ಊರು, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಜೊತೆ ಹೋರಾಡಿತು, ಎರಡೂ ಜೊತೆಯಲ್ಲೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ದೇಗುಲದ ಗೊರವನಿಗೆ ಕಟ್ಟಪ್ಪಣೆ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ‘ನಿಮ್ ಕಾಳಿಗೆ ಉಂಬಳಿ ಬೇಡ ಬಿಡಿ, ನಡೆಯೋಕೆ ನಾಲ್ಕು ಅಡಿ ರಸ್ತೆ ಉಳಿದ್ರೆ ಸಾಕು’ ಎನ್ನುತ್ತಾರೆ ಮೇಷ್ಟ್ರು.

ಹೊಲದ ಮೇಲೆ ಎಳೆದ ಗೆರೆ

ದಟ್ಟಗಳ್ಳಿ ಹುಟ್ಟಿದ್ದು ಬಡಾವಣೆಯಾಗಿ ಅಲ್ಲ. ಕೂರ್ಗಳ್ಳಿ, ಧನಗಳ್ಳಿಗಳ ಹಾಗೆ ಮೈಸೂರಿನ ಪಶ್ಚಿಮಕ್ಕೆ ಹರಡಿಕೊಂಡಿದ್ದ ಹಳ್ಳಿಗಳಲ್ಲಿ ಇದೂ ಒಂದು. ಮೈಸೂರನ್ನು ಚೌಕ ಚೌಕವಾಗಿ ಹಿಗ್ಗಿಸುವ ಕೆಲಸ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ ಶುರುವಾಗಿ, 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಕೈಗೆ ಬಂತು. ಕುವೆಂಪುನಗರ, ರಾಮಕೃಷ್ಣನಗರ ದಾಟಿ ಬಂದ ಆ ಗೆರೆಗಳು ದಟ್ಟಗಳ್ಳಿಯ ಹೊಲಗಳ ಮೇಲೂ ಹಾದವು. 3ನೇ ಹಂತಕ್ಕೆ ಕನಕದಾಸನಗರ ಎಂದು ಹೆಸರಾಯಿತು. ಪಕ್ಕದಲ್ಲಿ ಶಾರದಾದೇವಿನಗರ, ಅಂಚಿನಲ್ಲಿ ಊರನ್ನೆಲ್ಲ ಬಳಸಿ ಬರುವ ರಿಂಗ್ ರಸ್ತೆ. ಅದರಾಚೆ ಈಗಲೂ ರಾಗಿ ಹೊಲ, ತೆಂಗಿನ ತೋಟ, ನಡುನಡುವೆ ಹೊಸ ಲೇಔಟುಗಳ ಕಮಾನು.

ನೇತಾಜಿ ವೃತ್ತದ ಬಳಿ ಆಟೊ ಹಿಡಿಯುವವರಿಗೆ ದಟ್ಟಗಳ್ಳಿ ಎಂದರೆ ಮೇನ್ ರೋಡು, ಕ್ರಾಸು, ಮನೆ ನಂಬರು. ಇಂಗ್ಲಿಷಿನ ಬೋರ್ಡು ಓದುವ ಹೊರಗಿನವರು ಇದನ್ನು ‘ದತ್ತಗಳ್ಳಿ’ ಮಾಡಿಬಿಡುತ್ತಾರೆ. ಪಾದದ ಬಳಿ ನಾಲ್ಕು ನಾಯಿಗಳನ್ನು ಇಟ್ಟುಕೊಂಡ ದತ್ತಾತ್ರೇಯನ ಊರಾಗಿಬಿಟ್ಟರೆ ನಮ್ಮಂಥವರ ಅಭ್ಯಂತರವೇನೂ ಇಲ್ಲ. ಆದರೆ ಕಾಳಿಗೆ ಕ್ರಾಸೂ ಗೊತ್ತಿಲ್ಲ, ಹಂತವೂ ಗೊತ್ತಿಲ್ಲ. ಮೂಲೆಯ ಹೊಂಗೆಮರ, ಕೊಟ್ಟಿಗೆ ಉಳಿಸಿಕೊಂಡ ಹಳೆಯ ಮನೆಯ ಗಂಜಲದ ವಾಸನೆ, ಮುಂಗುಸಿ ನುಗ್ಗುವ ಪೊದೆ, ಇವೇ ಅವಳ ವಿಳಾಸಗಳು. ಪ್ರಾಧಿಕಾರದ ನಕ್ಷೆಯಲ್ಲಿ ಎಂದೋ ಅಳಿಸಿಹೋದ ಹಳ್ಳಿಯನ್ನು ಅವಳ ಮೂಗು ದಿನಾ ಓದುತ್ತದೆ. ಋತು ಬದಲಾದಂತೆ ಓದುವ ಪುಟವೂ ಬದಲಾಗುತ್ತದೆ.

ಬೇಸಿಗೆ: ಕೈಬೆನ್ನಿನ ಪರೀಕ್ಷೆ

ಮಾರ್ಚ್ ಬಂತೆಂದರೆ ಹೊಂಗೆ ಹಳೆಯ ಎಲೆಯೆಲ್ಲ ಉದುರಿಸಿ ಮಿರುಗುವ ಹೊಸ ಹಸಿರು ಹೊದೆಯುತ್ತದೆ. ಹೂವು ಬೀದಿಯುದ್ದಕ್ಕೂ ಅಕ್ಕಿ ಚೆಲ್ಲಿದಂತೆ ಬೀಳುತ್ತದೆ. ಕಾಳಿ ಅದರಲ್ಲಿ ಮೂತಿ ಹುದುಗಿಸಿ ಸೀನುತ್ತಾಳೆ. ವಾಕಿಂಗ್ ಇಷ್ಟು ಸುಖವಾಗಿರುವುದು ಬೆಳಗಿನ ಏಳರೊಳಗೆ ಮಾತ್ರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಗಾಳಿ ತಂಪು ಎಂದು ನಾವು ಬೀಗುತ್ತೇವೆ. ಡಾಂಬರಿಗೆ ಆ ಲೆಕ್ಕವಿಲ್ಲ. ನಮ್ಮ ಕಾಲಿಗೆ ಚಪ್ಪಲಿಯಿದೆ, ನಾಯಿಯ ಅಂಗಾಲಿಗೆ ಏನಿದೆ? ಕೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಐದು ಎಣಿಸಬೇಕು. ನಮಗೆ ತಡೆಯದಿದ್ದರೆ ನಾಯಿಗೂ ತಡೆಯದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ನಾಲಿಗೆ ಚಾಚಿ ತೇಕಿಯೇ ಅದು ಒಳಗಿನ ಬಿಸಿ ಹೊರಹಾಕಬೇಕು. ಮೂತಿ ಚಪ್ಪಟೆಯಾದ ಪಗ್, ಶಿಟ್ಜುಗಳಿಗೆ ಅದೂ ಕಷ್ಟ. ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳ ಜೊತೆ ಪಗ್ ಮರಿಯನ್ನು ರಸ್ತೆಗಿಳಿಸುವ ಮನೆಯವರಿಗೆ ಇದನ್ನು ಹೇಳಿ ಹೇಳಿ ಬೈಸಿಕೊಂಡಿದ್ದೇನೆ.

ಬೇಸಿಗೆಯಲ್ಲಿ ಖಾಲಿ ಸೈಟುಗಳು ಬೋಳಾಗಿರುತ್ತವೆ. ಕಾಳಿಗೆ ಅಲ್ಲಿಗೆ ನುಗ್ಗುವ ಆಸೆ, ನಾನು ಬಿಡುವುದಿಲ್ಲ. ಟಿಟ್ಟಿಭ ಮೊಟ್ಟೆಯಿಡುವುದು ಇಂಥ ಬಟ್ಟಬಯಲಿನಲ್ಲೇ, ಹೆಚ್ಚಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಗೂಡೆಂಬುದಿಲ್ಲ. ಜಲ್ಲಿಕಲ್ಲಿನ ನಡುವೆ ಜಲ್ಲಿಯದೇ ಬಣ್ಣದ ಮೂರ್ನಾಲ್ಕು ಮೊಟ್ಟೆ. ಜೋಡಿಹಕ್ಕಿ ತಲೆಯ ಮೇಲೆ ಸುತ್ತು ಹಾಕಿ ಕಿರುಚುತ್ತಿದ್ದರೆ ನಾವು ತಪ್ಪು ಜಾಗದಲ್ಲಿದ್ದೇವೆ ಎಂದೇ ಅರ್ಥ. ಇನ್ನೊಂದು ಕಾಟ ಉಣ್ಣೆ. ಒಣಹುಲ್ಲಿನಿಂದ ಹತ್ತಿ ಕಿವಿಯ ಸಂದು, ಬೆರಳ ಸಂದು ಸೇರಿ ರಕ್ತ ಹೀರುತ್ತದೆ. ಉಣ್ಣೆ ತರುವ ಜ್ವರ ಮೊದಲ ದಿನಗಳಲ್ಲಿ ಬರೀ ಸುಸ್ತಿನಂತೆ ಕಾಣುತ್ತದೆ. ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ಡಾಕ್ಟರ ಬಳಿಗೆ ಓಡಲೇಬೇಕು. ವಾಕಿಂಗ್ ಮುಗಿಸಿ ಬಂದು ಗೇಟಿನ ಬಳಿ ಕೂತು ಉಣ್ಣೆ ಹುಡುಕುವುದು ನಮ್ಮ ಮನೆಯ ಬೇಸಿಗೆಯ ಸಂಧ್ಯಾವಂದನೆ.

ಮಳೆ: ಸೊಂಟದೆತ್ತರದ ಕಾಂಗ್ರೆಸ್ ಗಿಡ

ಮಲೆನಾಡಿನವರು ಮಳೆಯೆಂದರೆ ಜೂನ್, ಜುಲೈ ಎನ್ನುತ್ತಾರೆ. ಮೈಸೂರಿನ ಲೆಕ್ಕ ಬೇರೆ. ಇಲ್ಲಿ ಜೋರು ಮಳೆ ಸುರಿಯುವುದು ಎರಡು ಸಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಮ್ಮೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಇನ್ನೊಮ್ಮೆ. ನಡುವಿನ ಮುಂಗಾರು ಬರೀ ಜಿಟಿಜಿಟಿ. ಮೇ ತಿಂಗಳ ಸಂಜೆ ನಾಲ್ಕರ ಮೇಲೆ ಚಾಮುಂಡಿ ಬೆಟ್ಟದ ಕಡೆ ಮೋಡ ಕಪ್ಪಿಟ್ಟರೆ ನಾಯಿ ಹಿಡಿದವರು ಮನೆ ಕಡೆ ತಿರುಗುವುದು ಕ್ಷೇಮ. ಗುಲ್‌ಮೊಹರ್ ಕೊಂಬೆ ಮುರಿದು ಬೀಳುವುದು, ಅದರ ಜೊತೆ ಕರೆಂಟಿನ ತಂತಿ ಜೋತಾಡುವುದು ಆಗಲೇ. ಒದ್ದೆ ನೆಲದಲ್ಲಿ ಬರಿಗಾಲಿನ ನಾಯಿಯೇ ಮೊದಲ ಬಲಿ.

ಜುಲೈ ಹೊತ್ತಿಗೆ ಖಾಲಿ ಸೈಟುಗಳು ಕಾಣದಾಗುತ್ತವೆ. ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಟ್ಟಿರುತ್ತದೆ. ಅದರೊಳಗೆ ಇಲಿ, ಇಲಿಯ ಹಿಂದೆ ಹಾವು. ನಾಗರ, ಕೊಳಕುಮಂಡಲಗಳಿಗೆ ಮೊದಲು ಸಿಗುವುದು ನಾಯಿಯ ಮೂತಿ. ಮೈಸೂರಿಗರು ಇಂಥ ಹೊತ್ತಿನಲ್ಲಿ ಸ್ನೇಕ್ ಶ್ಯಾಮ್ ಅವರಂಥ ಉರಗ ರಕ್ಷಕರನ್ನು ನೆನೆಯುತ್ತಾರೆ. ಅವರು ಬರುವ ತನಕ ನಾಯಿಯನ್ನು ಹಿಂದೆಳೆದು ದೂರ ನಿಲ್ಲುವುದಷ್ಟೇ ನಮ್ಮ ಕೆಲಸ. ನಿಂತ ನೀರೂ ಅಪಾಯವೇ. ಇಲಿಯ ಮೂತ್ರ ಬೆರೆತ ಗುಂಡಿ ನೀರು ನೆಕ್ಕಿದರೆ ಇಲಿಜ್ವರ ಬರಬಹುದು, ಅದು ಮನುಷ್ಯರಿಗೂ ಹರಡುವ ರೋಗ. ವರ್ಷಕ್ಕೊಮ್ಮೆ ಕೊಡಿಸುವ ಲಸಿಕೆಯಲ್ಲಿ ಅದಕ್ಕೂ ರಕ್ಷಣೆಯಿದೆಯೇ ಎಂದು ಕೇಳಿ ತಿಳಿಯಬೇಕು.

ಅಕ್ಟೋಬರ್ ಕಳೆಯುತ್ತಲೇ ಪಟಾಕಿ. ದಸರಾ ಆನೆಗಳಿಗೆ ಕುಶಾಲತೋಪಿನ ಸದ್ದು ರೂಢಿಯಾಗಲಿ ಎಂದು ವಾರಗಟ್ಟಲೆ ಮುಂಚೆ ತಾಲೀಮು ನಡೆಸುತ್ತಾರೆ. ನಮ್ಮ ಬೀದಿಯ ನಾಯಿಗಳಿಗೆ ಯಾವ ತಾಲೀಮು? ದೀಪಾವಳಿಯ ಮೂರು ದಿನ ಕಾಳಿ ಮಂಚದ ಕೆಳಗೆ. ನಾಲ್ಕನೆಯ ಬೆಳಿಗ್ಗೆ ಹೊರಟಾಗ ಬೀದಿ ತುಂಬ ಕೆಂಪು ಕಾಗದದ ಚೂರು, ಮದ್ದಿನ ಘಾಟು. ಅವಳ ಪರಿಚಿತ ವಾಸನೆಗಳೆಲ್ಲ ಮುಚ್ಚಿಹೋಗಿ, ಸ್ವಂತ ಬೀದಿಯಲ್ಲೇ ಪರವೂರಿನವಳಂತೆ ನಡೆಯುತ್ತಾಳೆ.

ಚಳಿ: ಮರಿಗಳ ಕಾಲ

ಡಿಸೆಂಬರ್ ದಟ್ಟಗಳ್ಳಿಯ ಅತಿ ಚೆಲುವಿನ ತಿಂಗಳು. ಇಬ್ಬನಿಯಲ್ಲಿ ಬೀದಿದೀಪಗಳು ಬೆಣ್ಣೆಯ ಉಂಡೆಯಂತೆ ಕಾಣುತ್ತವೆ. ರಾತ್ರಿ ಉದುರಿದ ಆಕಾಶಮಲ್ಲಿಗೆ ಕಾಲಡಿಗೆ ಸಿಗುತ್ತದೆ. ಧನುರ್ಮಾಸಕ್ಕೆ ದೇವಸ್ಥಾನಗಳು ಕತ್ತಲಿರುವಾಗಲೇ ಬಾಗಿಲು ತೆರೆಯುವುದರಿಂದ ಆ ಒಂದು ತಿಂಗಳು ಬೀದಿಯಲ್ಲಿ ನಾವಷ್ಟೇ ಇರುವುದಿಲ್ಲ. ಮಡಿಯುಟ್ಟವರು ನಾಯಿಯಿಂದ ಮಾರುದೂರ ಸರಿಯುತ್ತಾರೆ, ವಾಪಸು ಬರುವಾಗ ದೊನ್ನೆಯ ಹುಗ್ಗಿಯಲ್ಲಿ ಒಂದು ತುತ್ತು ಅದಕ್ಕೇ ಹಾಕುತ್ತಾರೆ. ರಿಂಗ್ ರಸ್ತೆಯ ಬದಿಗೆ ಅವರೆಕಾಯಿ ಮೂಟೆ ಬಂದಿಳಿದರೆ ಸೊಗಡಿಗೆ ಕಾಳಿಯೂ ನಿಲ್ಲುತ್ತಾಳೆ, ನಾನೂ ನಿಲ್ಲುತ್ತೇನೆ.

ಆದರೆ ಬೀದಿನಾಯಿಗಳ ಜೊತೆ ಜಗಳ ಹೆಚ್ಚುವುದೂ ಈ ದಿನಗಳಲ್ಲೇ. ಮಳೆಗಾಲದ ಕೊನೆಗೆ ಅವು ಗುಂಪು ಕಟ್ಟಿ ಓಡಾಡುತ್ತವೆ, ಚಳಿಗೆ ಮರಿ ಹಾಕುತ್ತವೆ. ಕಟ್ಟುತ್ತಿರುವ ಮನೆಯ ಮರಳಿನ ಗುಡ್ಡೆಯಲ್ಲಿ ಆರು ಮರಿ ಮಲಗಿಸಿಕೊಂಡ ತಾಯಿ, ಬೆಲ್ಟು ಹಾಕಿಕೊಂಡು ಬಂದ ಕಾಳಿಯನ್ನು ಸುಮ್ಮನೆ ಬಿಟ್ಟೀತೇ? ಅದು ದುಷ್ಟತನವಲ್ಲ, ಬಾಣಂತಿಯ ಕಾವಲು. ಆಗ ಕಲ್ಲೆತ್ತಬಾರದು, ಓಡಲೂಬಾರದು. ಚೈನು ಗಿಡ್ಡ ಹಿಡಿದು, ಬೆನ್ನು ತೋರದೆ, ಪಕ್ಕದ ರಸ್ತೆಗೆ ಮೆಲ್ಲಗೆ ಸರಿಯಬೇಕು.

2023ರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಮಾಡಿಸಿ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯ ತುದಿಯಲ್ಲಿ ಕಚ್ಚು ಕಂಡರೆ ಆ ನಾಯಿಗೆ ಚಿಕಿತ್ಸೆ ಆಗಿದೆ ಎಂದರ್ಥ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಈ ಕ್ರಮವನ್ನೇ ಎತ್ತಿಹಿಡಿಯಿತು. ಎಲ್ಲೆಂದರಲ್ಲಿ ಅನ್ನ ಸುರಿಯದೆ ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕೆಂದೂ ಹೇಳಿತು. ನಮ್ಮ ಬೀದಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ, ಅನ್ನ ಹಾಕುವವರದು ಮತ್ತು ದೂರು ಕೊಡುವವರದು. ಎರಡೂ ಕಡೆಯವರು ಮಾತಾಡುವುದು ನನ್ನ ಜೊತೆ, ಏಕೆಂದರೆ ಆ ಹೊತ್ತಿಗೆ ಬೀದಿಯಲ್ಲಿ ಸಿಗುವವನು ನಾನೊಬ್ಬನೇ.

ರಿಂಗ್ ರಸ್ತೆ ದಾಟಿ ಹೊಲದ ಬದುವಿಗೆ ಹೋಗುವ ನಡಿಗೆಯನ್ನು ಚಳಿಗಾಲದಲ್ಲಿ ಬೆಳಕು ಹರಿದ ಮೇಲೆಯೇ ಇಟ್ಟುಕೊಂಡಿದ್ದೇನೆ. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲೇ ಚಿರತೆ ಕಾಣಿಸಿಕೊಂಡಿತ್ತು. ಊರಂಚಿನ ಚಿರತೆಗೆ ನಾಯಿ ಸುಲಭದ ತುತ್ತು. ಕಾಳಿ ಬದುವಿನ ಮೇಲೆ ಥಟ್ಟನೆ ನಿಂತು, ಬೆನ್ನ ಕೂದಲು ನಿಮಿರಿಸಿ, ಹೆಜ್ಜೆ ಕೀಳದಿದ್ದರೆ ನಾನು ವಾದಿಸುವುದಿಲ್ಲ. ಆ ಹೊತ್ತಿಗೆ ಯಜಮಾನಿಕೆ ಅವಳದು.

ಕೆರೆಗೆ ಒಬ್ಬನೇ

ಮಲ್ಪೆ, ಪಣಂಬೂರಿನವರಿಗೆ ನಾಯಿ ಓಡಿಸಲು ಕಡಲ ಮರಳಿದೆ. ನಮ್ಮ ಪಾಲಿಗಿರುವುದು ಲಿಂಗಾಂಬುಧಿ ಕೆರೆ. ಹೆಸರಿನಲ್ಲಿ ಮಾತ್ರ ಅದೂ ಸಮುದ್ರವೇ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಈ ಕೆರೆ ಈಗ ಹಕ್ಕಿಗಳ ನೆಲೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಸೇರುತ್ತವೆ. ಅಲ್ಲಿಗೆ ಮಾತ್ರ ನಾನು ಕಾಳಿಯನ್ನು ಕರೆದೊಯ್ಯುವುದಿಲ್ಲ. ಜೊಂಡಿನಲ್ಲಿ ಮೊಟ್ಟೆಯಿಟ್ಟ ಹಕ್ಕಿಗೆ ನಾಯಿ ಕಟ್ಟಿದ್ದರೂ ನಾಯಿಯೇ, ಬಿಟ್ಟಿದ್ದರೂ ನಾಯಿಯೇ. ಭಾನುವಾರ ಒಬ್ಬನೇ ಕೆರೆ ಸುತ್ತಿ ಬಂದರೆ ಅವಳು ನನ್ನ ಪ್ಯಾಂಟಿನ ಕಾಲನ್ನು ಮೂಸಿ ಮೂಸಿ, ಎಲ್ಲಿಗೆ ಹೋಗಿದ್ದೆನೆಂದು ತಾನೇ ತಿಳಿದುಕೊಂಡು ಮುನಿಸಿಕೊಳ್ಳುತ್ತಾಳೆ.

ದಟ್ಟಗಳ್ಳಿಯಲ್ಲಿ ಖಾಲಿ ಸೈಟುಗಳು ಕಡಿಮೆಯಾಗುತ್ತಿವೆ, ನಾಯಿ ಸಾಕುವ ಮನೆಗಳು ಹೆಚ್ಚುತ್ತಿವೆ. ನಡಿಗೆಗೆ ಉಳಿಯುವುದು ಎಲ್ಲರದೂ ಆದ ಬೀದಿಯೊಂದೇ. ಆದ್ದರಿಂದ ನಾಯಿ ಹಿಡಿದು ಹೊರಡುವ ನೆರೆಹೊರೆಯವರಲ್ಲಿ ನಾಲ್ಕು ಮಾತು. ಎಷ್ಟೇ ಸಾಧುವಾದರೂ ಚೈನು ಬಿಚ್ಚಬೇಡಿ. ಜೇಬಿನಲ್ಲಿ ಹಳೆ ಪೇಪರ್ ಇಟ್ಟುಕೊಳ್ಳಿ, ಇನ್ನೊಬ್ಬರ ಗೇಟಿನ ಮುಂದಿನ ರಂಗೋಲಿಯ ಜಾಗ ನಿಮ್ಮ ನಾಯಿಯ ಕಕ್ಕಸಲ್ಲ. ಬೇಸಿಗೆಯಲ್ಲಿ ಗೇಟಿನ ಹೊರಗೊಂದು ಸಿಮೆಂಟ್ ತೊಟ್ಟಿಯಿಟ್ಟು ನೀರು ತುಂಬಿಸಿ. ವರ್ಷ ತಪ್ಪದೆ ರೇಬಿಸ್ ಲಸಿಕೆ ಹಾಕಿಸಿ. ಯಾರಿಗೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುತ್ತ ಕೂರಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಇಷ್ಟು ಮಾಡಿದರೆ ‘ಕಚ್ಚುತ್ತಾ ಸಾ?’ ಎಂಬ ಪ್ರಶ್ನೆ ನಿಲ್ಲುತ್ತದೆಂದಲ್ಲ. ಆದರೆ ಕೇಳಿದವರ ಎದುರು ನಿಂತು ‘ಲಸಿಕೆ ಆಗಿದೆ, ಚೈನು ಕೈಯಲ್ಲಿದೆ’ ಎಂದು ಧೈರ್ಯವಾಗಿ ಹೇಳಬಹುದು.